ಅಂಬಿಗ ಉಪ್ಪು ಕೇಳಿದ ಮೇಲೆ: ಆಡುತ್ತಾ ಆಡುತ್ತಾ ಒಂದು ಸೀಮೆ ಹುಟ್ಟುವ ಬಗೆ

ಟೇಬಲ್‌ಟಾಪ್ ಆರ್‌ಪಿಜಿ (ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಆಡುವ ರೋಲ್ ಪ್ಲೇಯಿಂಗ್ ಗೇಮ್) ಅಂದರೇನು ಅಂತ ಬೇರೆ ಕಡೆಯವರಿಗೆ ತಿಳಿಸಿ ಹೇಳಲು ಹತ್ತು ನಿಮಿಷ ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗಾದರೆ ಒಂದು ಮಾತು ಸಾಕು: ತಾಳಮದ್ದಳೆ ಇದೆಯಲ್ಲ, ಅದರ ಹತ್ತಿರದ ನೆಂಟ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಯಾರದ್ದೋ ಮನೆಯ ಜಗಲಿಯಲ್ಲಿ ನಾಲ್ಕಾರು ಜನ ಕೂರುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಎತ್ತುತ್ತಾರೆ, ಪಂಚೆ ಶರ್ಟಿನಲ್ಲಿ ಕೂತವರು ಮಾತಿನಲ್ಲೇ ಕೃಷ್ಣ, ಕರ್ಣ, ಶಲ್ಯ ಆಗುತ್ತಾರೆ. ಎದುರು ಕೂತವನು ಮುಂದೆ ಏನು ಕೇಳುತ್ತಾನೆ ಅಂತ ಅರ್ಥಧಾರಿಗೆ ಗೊತ್ತಿರುವುದಿಲ್ಲ. ಆ ಕ್ಷಣಕ್ಕೆ ಹೊಳೆದದ್ದೇ ಉತ್ತರ.

ಆರ್‌ಪಿಜಿಯಲ್ಲಿ ಭಾಗವತರ ಜಾಗದಲ್ಲಿ ಗೇಮ್ ಮಾಸ್ಟರ್ ಇರುತ್ತಾನೆ. ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರದ ಪರವಾಗಿ ಮಾತಾಡುತ್ತಾರೆ. ಉಳಿದ ಇಡೀ ಲೋಕದ ಪರವಾಗಿ, ಅಂದರೆ ಊರಗೌಡ, ಕಳ್ಳ, ಹುಲಿ, ಮಳೆ ಎಲ್ಲದರ ಪರವಾಗಿ, ಮಾಸ್ಟರ್ ಮಾತಾಡುತ್ತಾನೆ. ದೊಡ್ಡ ವ್ಯತ್ಯಾಸ ಒಂದಿದೆ. ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದ ಮಾಡಲಿ, ರಥದ ಚಕ್ರ ಹೂತೇ ತೀರುತ್ತದೆ, ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ಅನುಮಾನ ಬಂದ ಕಡೆ ಡೈಸ್ ಉರುಳಿಸಬೇಕು, ಅದು ಹೇಳಿದ್ದನ್ನು ಮಾಸ್ಟರ್ ಕೂಡ ಒಪ್ಪಬೇಕು.

ಈ ಆಟ ನಡೆಯುವ ಲೋಕಕ್ಕೆ ಸೆಟ್ಟಿಂಗ್ ಅನ್ನುತ್ತಾರೆ. ಅಚ್ಚು ಹಾಕಿದ ಸೆಟ್ಟಿಂಗ್‌ಗಳು ದಪ್ಪ ದಪ್ಪ ಪುಸ್ತಕಗಳಾಗಿ ಸಿಗುತ್ತವೆ. ಎಷ್ಟೋ ಗುಂಪುಗಳು ಅದನ್ನು ಬಿಟ್ಟು ತಮ್ಮದೇ ಒಂದನ್ನು ಕಟ್ಟಿಕೊಳ್ಳುತ್ತವೆ. ಹೊಸಬರು ಬಹಳಷ್ಟು ಜನ ಅಂದುಕೊಳ್ಳುವುದು ಹೀಗೆ: ಮಾಸ್ಟರ್ ಆರು ತಿಂಗಳು ಕೂತು ನಕ್ಷೆ ಬರೆದು, ರಾಜವಂಶಗಳ ಪಟ್ಟಿ ಮಾಡಿ, ದೇವತೆಗಳಿಗೆಲ್ಲ ಹೆಸರಿಟ್ಟು, ಲೋಕ ಪೂರ್ತಿ ತಯಾರಾದ ಮೇಲೆ ಗೆಳೆಯರನ್ನು ಕರೆಯುತ್ತಾನೆ. ಹಾಗೆ ಮಾಡುವವರೂ ಇದ್ದಾರೆ. ಆದರೆ ಎರಡು ವರ್ಷ ಆಡಿದ ಯಾವುದೇ ಗುಂಪಿನ ಟೇಬಲ್‌ಗೆ ಹೋಗಿ ನೋಡಿ. ಅವರು ಪ್ರೀತಿಯಿಂದ ಹೇಳುವ ಹತ್ತು ಸಂಗತಿಗಳಲ್ಲಿ ಎಂಟೊಂಬತ್ತು ಮಾಸ್ಟರ್ ಬರೆದಿಟ್ಟ ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ, ಆಡುವಾಗ ಬಾಯಿಂದ ಬಂದದ್ದು. ಮಾಸ್ಟರ್ ಬರೆದಿಟ್ಟುಕೊಂಡದ್ದು ಬರೀ ಪ್ರಸ್ತಾಪ. ಟೇಬಲ್ ಮೇಲೆ ಹೇಳಿ, ಎದುರಿನವರು ಕೇಳಿಸಿಕೊಂಡು, ಅದರ ಮೇಲೆ ಏನಾದರೂ ಮಾಡಿದಾಗಲೇ ಅದು ನಡೆದದ್ದಾಗುತ್ತದೆ. ಈ ಲೇಖನದಲ್ಲಿ ನಾನು ಬಿಡಿಸಿ ಹೇಳಲು ಹೊರಟಿರುವುದು ಇಷ್ಟನ್ನೇ.

ನೆಲಮಾಳಿಗೆಯಿಂದ ಮೇಲೆ

ಈ ಆಟದ ಹುಟ್ಟೇ ಹಾಗಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಚ್ಚು ಹಾಕಿಸಿದರು. ಅದಕ್ಕೆ ಮೊದಲೇ ಇಬ್ಬರಿಗೂ ಮನೆಯಲ್ಲಿ ಕಟ್ಟಿದ ಒಂದೊಂದು ಲೋಕ ಇತ್ತು. ಆರ್ನೆಸನ್ 1971ರ ಸುಮಾರಿಗೆ ಮಿನ್ನೆಸೋಟಾದಲ್ಲಿ ಬ್ಲ್ಯಾಕ್‌ಮೂರ್ ಆಡಿಸಲು ಶುರು ಮಾಡಿದ. ಮರುವರ್ಷ ಗೈಗ್ಯಾಕ್ಸ್ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಗ್ರೇಹಾಕ್ ಶುರು ಮಾಡಿದ. ಎರಡರಲ್ಲೂ ಮೊದಲಿಗೆ ಇದ್ದದ್ದು ಒಂದು ಕೋಟೆ, ಅದರ ಕೆಳಗೆ ನೆಲಮಾಳಿಗೆಗಳು, ಹತ್ತಿರದಲ್ಲಿ ಒಂದು ಊರು. ಆಟಗಾರರು ಇನ್ನೂ ದೂರ ಹೋಗುತ್ತೇವೆ ಅಂದ ಹಾಗೆ ಉಳಿದ ಭೂಪಟ ಬೆಳೆಯುತ್ತಾ ಹೋಯಿತು.

ಆ ಲೋಕದ ಹೆಸರುಗಳನ್ನು ಕೆದಕಿದರೆ ಮಜಾ ಇದೆ. ಗೈಗ್ಯಾಕ್ಸ್‌ನ ಮಗ ಲೂಕ್‌ನ ಪಾತ್ರ ಒಬ್ಬ ಗಂಡು ಎಲ್ಫ್, ಅಂದರೆ ಕಥೆಗಳಲ್ಲಿ ಬರುವ ಒಂದು ಮಾಯಾಕುಲದವನು. ಪಾತ್ರದ ವಿವರ ಬರೆದಿಡುವ ಕ್ಯಾರೆಕ್ಟರ್ ಶೀಟಿನಲ್ಲಿ ಗಂಡು ಅನ್ನುವುದಕ್ಕೆ ಎಂ, ಪಕ್ಕದಲ್ಲಿ ಎಲ್ಫ್ ಅಂತ ಬರೆದಿತ್ತು. ಎರಡೂ ಸೇರಿ ಅವನ ಹೆಸರು ಮೆಲ್ಫ್ ಆಯಿತು. ಇನ್ನೊಬ್ಬ ಮಗ ಅರ್ನೆಸ್ಟ್ ತನ್ನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಟೆನ್ಸರ್ ಅಂತ ಇಟ್ಟುಕೊಂಡ. ಇವತ್ತಿಗೂ ಆ ಆಟದ ಮಂತ್ರಗಳ ಪಟ್ಟಿಯಲ್ಲಿ ಮೆಲ್ಫ್‌ನ ಬಾಣ, ಟೆನ್ಸರ್‌ನ ತೇಲುವ ತಟ್ಟೆ ಇವೆ. ಮನೆಯ ಹುಡುಗರು ಆಡಿದ್ದು ಪ್ರಪಂಚದ ತುಂಬ ಹರಡಿದ ಪುಸ್ತಕದಲ್ಲಿ ಪುರಾಣವಾಗಿ ಕೂತಿದೆ.

ನಿಯಮಗಳೂ ಹೀಗೇ ಹುಟ್ಟಿದವು. ಬ್ಲ್ಯಾಕ್‌ಮೂರ್‌ನಲ್ಲಿ ಒಬ್ಬ ಆಟಗಾರನ ಪಾತ್ರ ರಕ್ತಪಿಶಾಚಿಯಾಗಿ ಸರ್ ಫ್ಯಾಂಗ್ ಅಂತ ಹೆಸರು ಮಾಡಿತು, ಉಳಿದವರ ಕೈಗೆ ಸಿಗದಷ್ಟು ಬಲಿಯಿತು. ಅವನನ್ನು ಎದುರಿಸಲು ಪಿಶಾಚಿಗಳನ್ನು ಓಡಿಸಬಲ್ಲ ಒಬ್ಬ ಪೂಜಾರಿ ಬೇಕಾಯಿತು. ಕ್ಲೆರಿಕ್ (ಪೂಜಾರಿ) ಅನ್ನುವ ಪಾತ್ರದ ಬಗೆ ಆಟಕ್ಕೆ ಬಂದದ್ದು ಆ ದಾರಿಯಲ್ಲಿ. ಇವತ್ತು ಹೊಸದಾಗಿ ಕ್ಲೆರಿಕ್ ಆರಿಸಿಕೊಳ್ಳುವ ಹುಡುಗಿಗೆ ಅದರ ಹಿಂದೆ ಐವತ್ತು ವರ್ಷದ ಹಿಂದಿನ ಒಂದು ಟೇಬಲ್‌ನ ಜಗಳ ಇದೆ ಅಂತ ಅನ್ನಿಸುವುದೇ ಇಲ್ಲ.

ಉಲ್ಟಾ ದಿಕ್ಕಿನಿಂದ ಬಂದವರೂ ಇದ್ದಾರೆ. ಗ್ರೆಗ್ ಸ್ಟಾಫರ್ಡ್ ಗ್ಲೊರಾಂಥಾ ಅನ್ನುವ ಲೋಕದ ಕಥೆಗಳನ್ನು 1966ರಿಂದಲೇ ಬರೆಯುತ್ತಿದ್ದ. ಆ ಲೋಕದಲ್ಲಿ ಆಡುವ ರೂನ್‌ಕ್ವೆಸ್ಟ್ ಬಂದದ್ದು 1978ರಲ್ಲಿ. ಅಷ್ಟು ಪುರಾಣ ಮೊದಲೇ ಬರೆದಿದ್ದರೂ ಆ ಆಟದವರ ಬಾಯಲ್ಲಿ ಒಂದು ಮಾತು ಉಳಿದುಕೊಂಡಿದೆ: ನಿಮ್ಮ ಗ್ಲೊರಾಂಥಾ ಬೇರೆಯಾಗಬಹುದು. ಪುಸ್ತಕ ಒಂದೇ ಇದ್ದರೂ ಟೇಬಲ್‌ಗೊಂದು ಲೋಕ ಆಗಿಯೇ ಆಗುತ್ತದೆ ಅನ್ನುವುದನ್ನು ಅವರು ಮೊದಲೇ ಒಪ್ಪಿಕೊಂಡಿದ್ದರು.

ಒಂದು ಹಿಡಿ ಉಪ್ಪು

ಈಗ ನಮ್ಮ ಟೇಬಲ್‌ಗೆ ಬರೋಣ. ಶಿವಮೊಗ್ಗದಲ್ಲಿ ಗೆಳೆಯನೊಬ್ಬನ ಮನೆಯ ಮೇಲಿನ ಕೋಣೆ, ಶನಿವಾರ ಸಂಜೆ. ಮಾಸ್ಟರ್ ನಾನು. ನಮ್ಮ ಸೆಟ್ಟಿಂಗ್, ಅಂದರೆ ನಮ್ಮ ಸೀಮೆ, ಶುರುವಾದದ್ದು ಒಂದು ಪುಟದಲ್ಲಿ. ಮಳೆಕೊಪ್ಪ ಅಂತ ಒಂದು ಊರು, ಪಕ್ಕದಲ್ಲಿ ಕರಿಹೊಳೆ, ಹೊಳೆಯಾಚೆ ಕಾನು, ಅಂದರೆ ದಟ್ಟ ಕಾಡು, ಕಾನು ದಾಟಿದರೆ ಘಟ್ಟ ಇಳಿಯುವ ದಾರಿ. ಇದರ ಜೊತೆಗೆ ರಾಜಮನೆತನದ ಮೂರು ತಲೆಮಾರಿನ ಕಥೆಯನ್ನೂ ಬರೆದಿಟ್ಟುಕೊಂಡಿದ್ದೆ. ಅದನ್ನು ಈವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಮೊದಲ ಸಂಜೆ ಪಾತ್ರಗಳು ಹೊಳೆ ದಾಟಬೇಕಿತ್ತು. ಕಡವಿನಲ್ಲಿ ಒಂದು ದೋಣಿ, ಅದಕ್ಕೊಬ್ಬ ಅಂಬಿಗ. ಮೆಡಿಕಲ್ ಶಾಪ್ ಇಟ್ಟಿರುವ ಗೆಳೆಯ ಕೇಳಿದ: "ದಾಟಿಸೋಕೆ ಎಷ್ಟು ತಗೊಳ್ತಾನೆ ಅವ್ನು?"

ನನ್ನ ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಎದುರಿಗೆ ಮಂಡಕ್ಕಿ ಪ್ಲೇಟಿನ ಪಕ್ಕ ಉಪ್ಪಿನ ಡಬ್ಬಿ ಕಾಣಿಸಿತು. "ದುಡ್ಡು ಬೇಡವಂತೆ. ಒಂದು ಹಿಡಿ ಉಪ್ಪು ಕೊಟ್ರೆ ಸಾಕಂತೆ" ಅಂದೆ.

"ಉಪ್ಪಾ? ಎಂತಕ್ಕೆ ಮಾರಾಯ?"

ನಾನು ಬಾಯಿ ತೆರೆಯುವುದರೊಳಗೆ ಇನ್ನೊಬ್ಬಳು, ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯವಳು, ಸೇರಿಸಿದಳು: "ಘಟ್ಟದ ದಾರಿ ಬಂದ್ ಆಗಿರ್ಬೇಕು. ಕೆಳಗಿಂದ ಉಪ್ಪು ಬರ್ತಾ ಇಲ್ಲ. ಹಂಗಾದ್ರೆ ಈ ಊರಲ್ಲಿ ಈ ವರ್ಷ ಮಿಡಿ ಉಪ್ಪಿನಕಾಯಿ ಹಾಕೇ ಇಲ್ಲ!"

ಇಷ್ಟೇ ನಡೆದದ್ದು. ಅರ್ಧ ನಿಮಿಷವೂ ಹಿಡಿದಿರಲಿಕ್ಕಿಲ್ಲ. ಆದರೆ ಅದರಿಂದ ಏನೇನು ಹೊರಟಿತು ನೋಡಿ. ದಾರಿ ಬಂದ್ ಆಗಿದ್ದರೆ ಬಂದ್ ಮಾಡಿದವರು ಯಾರೋ ಇರಬೇಕು. ಉಪ್ಪು ಬರದಿದ್ದರೆ ಒಣಮೀನೂ ಬರುವುದಿಲ್ಲ, ಇಲ್ಲಿಂದ ಮೆಣಸು, ಅಡಿಕೆ, ಅಕ್ಕಿ ಕೆಳಗೆ ಹೋಗುವುದೂ ನಿಂತಿರುತ್ತದೆ. ಹೇರೆತ್ತು ಹೊಡೆಯುವವರಿಗೆ ಕೆಲಸ ಇಲ್ಲ. ಕೆಲಸ ಇಲ್ಲದವರು ಕಾನಿನ ಕಳ್ಳದಾರಿಗಳಲ್ಲಿ ಉಪ್ಪು ಹೊರಲು ಶುರು ಮಾಡಿರುತ್ತಾರೆ. ಹಳೆಯ ಮನೆಗಳ ಉಗ್ರಾಣದಲ್ಲಿ ಉಳಿದಿರುವ ಅಪ್ಪೆಮಿಡಿಯ ಭರಣಿಗೆ ಬಂಗಾರದ ಬೆಲೆ ಬಂದಿರುತ್ತದೆ. ಮುಂದೆ ಒಂದು ದಿನ ನಮ್ಮ ಪಾತ್ರಗಳು ಒಬ್ಬ ಸುಂಕದ ಅಧಿಕಾರಿಯನ್ನು ಒಲಿಸಿಕೊಂಡದ್ದು ನಾಣ್ಯದ ಚೀಲ ಕೊಟ್ಟಲ್ಲ, ಹೊಳೆದಂಡೆಯ ಜೀರಿಗೆ ಮಿಡಿಯ ಒಂದು ಭರಣಿ ಕೊಟ್ಟು.

ಈ ಸರಪಳಿ ಯಾಕೆ ಅಷ್ಟು ಬೇಗ ಬೆಳೆಯಿತು? ಮಲೆನಾಡಿನವರಿಗೆ ಅದು ಹೊಸದಲ್ಲ. ಕರಾವಳಿಯಿಂದ ಉಪ್ಪು, ಒಣಮೀನು ಘಟ್ಟ ಹತ್ತಿ ಬರುವುದು, ಮೇಲಿನಿಂದ ಮೆಣಸು, ಅಕ್ಕಿ ಇಳಿಯುವುದು ಇಲ್ಲಿನ ಹಳೆಯ ವ್ಯವಹಾರ. ಕೆಳದಿ ನಾಯಕರ ಕೈಯಲ್ಲಿ ಘಟ್ಟದ ಮೇಲೂ ಕೆಳಗೂ ನೆಲ ಇತ್ತು, ಅವರ ಸೀಮೆಯ ಮೆಣಸಿಗೆ ಪೋರ್ಚುಗೀಸರು ಬಂದರುಗಳಲ್ಲಿ ಕಾದಿರುತ್ತಿದ್ದರು. ಆಟಗಾರರು ಅದನ್ನು ಓದಿಕೊಂಡು ಬಂದಿರಲಿಲ್ಲ. ಅಜ್ಜಿ ಹೇಳಿದ್ದು, ಮನೆಯಲ್ಲಿ ನೋಡಿದ್ದು, ಅಡುಗೆಮನೆಯ ಲೆಕ್ಕ, ಎಲ್ಲ ಒಳಗೇ ಇತ್ತು, ಒಂದು ಖಾಲಿ ಜಾಗ ಸಿಕ್ಕಿದ ಕೂಡಲೇ ಹೊರಗೆ ಬಂತು. ನಾನು ಮೊದಲೇ ದೋಣಿಯ ದರ ಎರಡು ಬೆಳ್ಳಿ ನಾಣ್ಯ ಅಂತ ಬರೆದಿಟ್ಟಿದ್ದರೆ ಅವರು ಎರಡು ನಾಣ್ಯ ಕೊಟ್ಟು ದಾಟಿ ಹೋಗುತ್ತಿದ್ದರು.

ಆದ್ದರಿಂದ ಮಾಸ್ಟರ್ ಆದವನಿಗೆ ಮುಖ್ಯವಾದ ಕೆಲಸ ಎಲ್ಲಿ ಖಾಲಿ ಬಿಡಬೇಕು ಅನ್ನುವ ಅಂದಾಜು. ಎಲ್ಲವನ್ನೂ ಖಾಲಿ ಬಿಟ್ಟರೆ ಆಟಗಾರರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಪರೀಕ್ಷೆ ಹಾಲಿನಲ್ಲಿ ಕೂತ ಮುಖ ಮಾಡುತ್ತಾರೆ. "ನಿಮ್ಮೂರು ಹೇಗಿದೆ ಹೇಳಿ" ಅಂದರೆ ಯಾರೂ ಬಾಯಿ ಬಿಡುವುದಿಲ್ಲ. "ನಿಮ್ಮೂರಲ್ಲಿ ಸಂಜೆ ಆದ ಮೇಲೆ ಯಾರೂ ಹೋಗದ ಮನೆ ಯಾವುದು?" ಅಂದರೆ ಮೂವರು ಒಟ್ಟಿಗೆ ಶುರು ಮಾಡುತ್ತಾರೆ. ಪ್ರಶ್ನೆಯಲ್ಲೇ ಅರ್ಧ ಸಂಗತಿ ಇರಬೇಕು, ಉಳಿದರ್ಧಕ್ಕೆ ಬಾಗಿಲು ತೆರೆದಿರಬೇಕು.

ಡೈಸ್ ಹೇಳುವ ಕಥೆ

ಲೋಕ ಕಟ್ಟುವ ಮೊದಲ ಕೈ ಆಟಗಾರರದ್ದಾದರೆ ಎರಡನೆಯ ಕೈ ಡೈಸಿನದ್ದು. ಎಷ್ಟೋ ಹೊಸ ಆಟಗಳಲ್ಲಿರುವ ಪದ್ಧತಿಯನ್ನೇ ನಾವೂ ಇಟ್ಟುಕೊಂಡಿದ್ದೇವೆ. 2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್ ಅನ್ನುವ ಆಟದಿಂದ ಇದು ಹೆಚ್ಚು ಬಳಕೆಗೆ ಬಂತು. ಆರು ಮುಖದ ಎರಡು ಡೈಸ್ ಉರುಳಿಸಿ ಕೂಡಬೇಕು. ಹತ್ತು ಅಥವಾ ಮೇಲೆ ಬಂದರೆ ಅಂದುಕೊಂಡದ್ದು ಸಲೀಸಾಗಿ ಆಯಿತು. ಏಳರಿಂದ ಒಂಬತ್ತು ಬಂದರೆ ಆಯಿತು, ಆದರೆ ಅದಕ್ಕೊಂದು ಬೆಲೆ ತೆರಬೇಕು. ಆರು ಅಥವಾ ಕೆಳಗೆ ಬಂದರೆ ಕೆಲಸ ಕೆಟ್ಟಿತು.

ಲೆಕ್ಕ ನೋಡಿ. ಎರಡು ಡೈಸ್ ಬೀಳುವ ಬಗೆ ಒಟ್ಟು 36. ಅದರಲ್ಲಿ ಆರರ ಒಳಗೆ ಬರುವುದು 15, ಏಳರಿಂದ ಒಂಬತ್ತಕ್ಕೆ 15, ಹತ್ತರ ಮೇಲೆ ಬರೀ 6. ಅಂದರೆ ಪೂರ್ತಿ ಗೆಲುವು ಆರಕ್ಕೊಂದು ಸಲ; ಉಳಿದ ಐದು ಸಲವೂ ಏನೋ ಒಂದು ತೊಡಕು ಹುಟ್ಟಲೇಬೇಕು. ಆ ತೊಡಕನ್ನು ಯಾರಾದರೂ ಬಾಯಲ್ಲಿ ಹೇಳಬೇಕು. ಹೇಳಿದ್ದು ಲೋಕಕ್ಕೆ ಸೇರಿಕೊಳ್ಳುತ್ತದೆ. ಸೀಮೆಗೆ ಗೊಬ್ಬರ ಬೀಳುವುದು ಈ ನಡುವಿನ ಸಂಖ್ಯೆಗಳಿಂದ.

ಉದಾಹರಣೆಗೆ ಸುಂಕದ ಕಟ್ಟೆಯಲ್ಲಿ ಕಾವಲಿನವನನ್ನು ಮಾತಾಡಿಸಿ ಒಳಗೆ ನುಸುಳಬೇಕಿತ್ತು. ಎಂಟು ಬಿತ್ತು. ಬಿಡುತ್ತಾನೆ, ಆದರೆ ಬೆಲೆ ಏನು? "ನನ್ನ ತಂಗಿ ಮದುವೆಗೆ ನೀವೆಲ್ಲ ಬರ್ಬೇಕು ಅಂತ ಮಾತು ತಗೊಳ್ತಾನೆ" ಅಂದೆ. ತಮಾಷೆಗೆ ಅಂದದ್ದು. ಮುಂದಿನ ಸೆಷನ್‌ನಲ್ಲಿ ಆಟಗಾರರು ಮದುವೆ ಯಾವಾಗ ಅಂತ ಕೇಳಿದರು. ಮದುವೆಗೆ ಊರು ಬೇಕು, ಬೀಗರು ಬೇಕು, ಯಾರನ್ನು ಕರೆದಿಲ್ಲ ಅನ್ನುವ ಮುನಿಸು ಬೇಕು. ಡೈಸಿನಲ್ಲಿ ಬಿದ್ದ ಒಂದು ಎಂಟರಿಂದ ಎರಡು ಮನೆತನಗಳು, ಅವುಗಳ ನಡುವಿನ ಹಳೆಯ ಗದ್ದೆ ತಕರಾರು, ಒಂದು ಹೊಸ ಊರು ಹುಟ್ಟಿದವು. ಇಪ್ಪತ್ತು ಮುಖದ ಡೈಸ್ ಇಟ್ಟುಕೊಂಡು ಬರೀ ಆಯಿತು, ಆಗಲಿಲ್ಲ ಅಂತ ಆಡುವ ಟೇಬಲ್‌ಗಳಲ್ಲೂ ಲೋಕ ಬೆಳೆಯುತ್ತದೆ, ಇಲ್ಲ ಅನ್ನುವುದಿಲ್ಲ. ನನ್ನ ರುಚಿಗೆ ಈ ಆಯಿತು-ಆದರೆ ಹೆಚ್ಚು ಒಗ್ಗುತ್ತದೆ.

ಉಪ್ಪಿನ ಕಥೆ ನಿಯಮಕ್ಕೂ ಕೈ ಹಾಕಿತು. ಮಳೆಗಾಲದಲ್ಲಿ ಕಾನು ಹೊಕ್ಕರೆ ಉಂಬಳ (ಜಿಗಣೆ) ಬಿಡುವುದಿಲ್ಲ ಅಂತ ನಮಗೆಲ್ಲ ಗೊತ್ತು. ಉಂಬಳಕ್ಕೆ ಉಪ್ಪು ಹಾಕಿದರೆ ಉದುರುತ್ತದೆ. ಉಪ್ಪೇ ಇಲ್ಲದ ಸೀಮೆಯಲ್ಲಿ? ಅಡಿಕೆ ಮನೆಯವಳು ಎತ್ತಿದ ಈ ಪ್ರಶ್ನೆಯಿಂದ ಒಂದು ಮನೆನಿಯಮ ಬಂತು: ಉಪ್ಪು, ಸುಣ್ಣ, ಹೊಗೆಸೊಪ್ಪು ಯಾವುದೂ ಕೈಯಲ್ಲಿಲ್ಲದೆ ಕಾನಿಗೆ ಕಾಲಿಟ್ಟರೆ ಪ್ರತಿ ರೋಲ್‌ನಲ್ಲೂ ಒಂದು ಕಳೆಯಬೇಕು. ಕೇಳಲು ಸಣ್ಣದು. ಆದರೆ ಒಂದು ಕಳೆದರೆ ಪೂರ್ತಿ ಗೆಲುವು 36ರಲ್ಲಿ 6 ಇದ್ದದ್ದು 3ಕ್ಕೆ ಇಳಿಯುತ್ತದೆ, ಕೆಡುವುದು 15ರಿಂದ 21ಕ್ಕೆ ಏರುತ್ತದೆ. ಆಮೇಲೆ ಯಾರೂ ಕಾನಿಗೆ ಸುಮ್ಮನೆ ಹೋಗುತ್ತಿರಲಿಲ್ಲ. ಕಾನು ಭಯದ ಜಾಗ ಅಂತ ನಾನು ಎಷ್ಟು ವರ್ಣನೆ ಮಾಡಿದ್ದರೂ ಆ ಭಯ ಹುಟ್ಟುತ್ತಿರಲಿಲ್ಲ.

ರಾಜಧಾನಿ ಎಲ್ಲಿ?

ಹೀಗೆ ಎಲ್ಲರ ಬಾಯಿಂದ ಬಂದದ್ದನ್ನು ಸೇರಿಸುತ್ತಾ ಹೋದರೆ ಒಂದಕ್ಕೊಂದು ತಾಳೆ ಬೀಳುವುದಿಲ್ಲ. ರಾಜಧಾನಿ ಹೊನ್ನಗುಡ್ಡ ಅಂತ ಒಬ್ಬ ಹೇಳಿ ಆರು ತಿಂಗಳಾಗಿತ್ತು. ಇನ್ನೊಬ್ಬ ಅದನ್ನು ಮರೆತು ತನ್ನ ಪಾತ್ರದ ಅಪ್ಪ ರಾಜಧಾನಿ ನೆಲ್ಲಿಪೇಟೆಯಲ್ಲಿ ಲೆಕ್ಕ ಬರೆಯುತ್ತಿದ್ದ ಅಂದ. ಇಂಥ ಕಡೆ ಬಹಳ ಮಾಸ್ಟರ್‌ಗಳು ನೋಟ್‌ಬುಕ್ ತೆರೆದು ಯಾರದ್ದು ಸರಿ ಅಂತ ತೀರ್ಪು ಕೊಡುತ್ತಾರೆ. ತೀರ್ಪಿಗಿಂತ ಒಳ್ಳೆಯ ದಾರಿ ನಮ್ಮ ಜಿಲ್ಲೆಯ ಚರಿತ್ರೆಯಲ್ಲೇ ಇದೆ. ನಾಯಕರ ರಾಜಧಾನಿ ಮೊದಲು ಕೆಳದಿ, ಆಮೇಲೆ ಇಕ್ಕೇರಿ, ಆಮೇಲೆ ಬಿದನೂರು. ಆ ಬಿದನೂರನ್ನು 1763ರಲ್ಲಿ ಹೈದರ್ ಅಲಿ ಗೆದ್ದು ಹೈದರ್‌ನಗರ ಅಂದ, ಈಗ ಬರೀ ನಗರ. ಮೂರು ಊರನ್ನೂ ರಾಜಧಾನಿ ಅಂದವರು ಮೂವರೂ ಸುಳ್ಳು ಹೇಳಿದಂತಾಗುವುದಿಲ್ಲ.

ನಾವೂ ಹಾಗೇ ಮಾಡಿದೆವು. ಎರಡೂ ನಿಜ ಅಂತ ಒಪ್ಪಿಕೊಂಡು, ಹಾಗಾದರೆ ರಾಜಧಾನಿ ಯಾಕೆ ಸ್ಥಳ ಬದಲಿಸಿತು ಅಂತ ಕೇಳಿಕೊಂಡೆವು. ಉತ್ತರ ಹುಡುಕುತ್ತಾ ಹೋದಾಗ ಘಟ್ಟದ ದಾರಿ ಬಂದ್ ಮಾಡಿದವರು ಯಾರು ಅನ್ನುವುದೂ ಗೊತ್ತಾಯಿತು: ಹಳೆಯ ರಾಜಧಾನಿಯಲ್ಲಿ ಉಳಿದುಕೊಂಡ ಕಿರಿಯ ರಾಣಿಯ ಕಡೆಯವರು. ಎರಡು ಮಾತು ಒಂದಕ್ಕೊಂದು ಹೊಂದದಿದ್ದಾಗ ನಡುವೆ ಒಂದು ಘಟನೆ ನಡೆದಿರಲೇಬೇಕು. ಅದನ್ನು ಹುಡುಕುವುದೇ ಆಟ. ಎಲ್ಲ ಗೊಂದಲವನ್ನೂ ಹೀಗೆ ಬಿಡಿಸಲು ಆಗುವುದಿಲ್ಲ. ಹೋದ ವಾರ ಸತ್ತವನು ಈ ವಾರ ಚಹಾ ಕುಡಿಯುತ್ತಾ ಕೂತಿದ್ದರೆ ತಪ್ಪಾಯಿತು ಅಂತ ಹೇಳಿ ಮುಂದೆ ಹೋಗುವುದೇ ವಾಸಿ. ಪ್ರತಿ ಮರೆವಿಗೂ ಒಂದು ಮಾಟ ಮಂತ್ರ ತಂದು ತೇಪೆ ಹಾಕುವ ಟೇಬಲ್‌ಗಳನ್ನು ನೋಡಿದ್ದೇನೆ, ಆರು ತಿಂಗಳಲ್ಲಿ ಅಲ್ಲಿ ಯಾವುದಕ್ಕೂ ತೂಕ ಉಳಿದಿರುವುದಿಲ್ಲ.

ನೀರು ಬರುತ್ತದೆ ಅಂದಾಗ

ಲೋಕ ಬೆಳೆಯುವುದು ಆಟಗಾರರು ನೋಡುತ್ತಿರುವ ಕಡೆ ಮಾತ್ರ ಆದರೆ ಅದು ನಾಟಕದ ಪರದೆಯಂತೆ ತೆಳ್ಳಗಿರುತ್ತದೆ. ಅವರು ನೋಡದ ಕಡೆಯೂ ಕಾಲ ಓಡಬೇಕು. ಅದಕ್ಕೆ ಬಳಕೆಯಲ್ಲಿರುವ ಸರಳ ಉಪಾಯ ಗಡಿಯಾರ. ಕಾಗದದ ಮೇಲೆ ಒಂದು ವೃತ್ತ ಬರೆದು ಆರು ಭಾಗ ಮಾಡುವುದು. ಪಾತ್ರಗಳು ಒಂದು ಸಮಸ್ಯೆಯನ್ನು ಕಂಡೂ ಕಾಣದಂತೆ ಬಿಟ್ಟು ಬೇರೆ ಕಡೆ ಹೋದಾಗಲೆಲ್ಲ ಒಂದು ಭಾಗ ಪೆನ್ಸಿಲಿನಲ್ಲಿ ತುಂಬುವುದು. ಆರೂ ತುಂಬಿದರೆ ಆಗಬಾರದ್ದು ಆಗಿಹೋಗುತ್ತದೆ. ಎಲ್ಲರಿಗೂ ಕಾಣುವಂತೆ ಟೇಬಲ್ ನಡುವೆ ಇಟ್ಟರೆ ಇನ್ನೂ ಒಳ್ಳೆಯದು.

ನಮ್ಮ ಸೀಮೆಯ ಅತಿ ದೊಡ್ಡ ಗಡಿಯಾರ ನನ್ನ ತಲೆಯಿಂದ ಬಂದದ್ದಲ್ಲ. ನಮ್ಮಲ್ಲೊಬ್ಬನ ಅಜ್ಜನ ಊರು ಶರಾವತಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು, ಎಷ್ಟೋ ಮಂದಿ ಶಿವಮೊಗ್ಗದ ಸುತ್ತಮುತ್ತ ಬಂದು ನೆಲೆಯಾದರು. ಅದಕ್ಕಿಂತ ಹಿಂದೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದು ಮತ್ತೆ ತಲೆ ಎತ್ತುತ್ತದೆ. ಕರಿಹೊಳೆಗೆ ರಾಜನ ಕಡೆಯವರು ಕಟ್ಟೆ ಕಟ್ಟುತ್ತಾರಂತೆ ಅನ್ನುವ ಸುದ್ದಿ ಸಂತೆಯಲ್ಲಿ ಕೇಳಿಬಂತು ಅಂತ ನಾನು ಒಂದು ಸಲ ಹೇಳಿದ್ದೆ ಅಷ್ಟೇ, ದಾರಿಯಲ್ಲಿ ಹೋಗುವ ಮಾತಿನ ಹಾಗೆ. ಅಜ್ಜನ ಊರು ಮುಳುಗಿದ ಆ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ನೀರು ಬಂದ್ರೆ ಊರಿನ ದೇವ್ರನ್ನ ಎಲ್ಲಿಗೆ ಒಯ್ಯೋದು?"

ಆವತ್ತಿನಿಂದ ಕಟ್ಟೆಯೇ ನಮ್ಮ ಸೀಮೆಯ ನಡುಗಂಬ ಆಯಿತು. ರಕ್ಕಸರು, ಹಳೆಯ ನಿಧಿ, ಮಾಟಗಾತಿ ಎಲ್ಲ ಪಕ್ಕಕ್ಕೆ ಸರಿದವು. ಗಡಿಯಾರದ ಒಂದೊಂದು ಭಾಗ ತುಂಬಿದಾಗಲೂ ಊರಿನಲ್ಲಿ ಒಂದೊಂದು ಬದಲಾವಣೆ: ಮೊದಲು ಅಳತೆಯವರು ಬಂದು ಮರಗಳಿಗೆ ಸುಣ್ಣದ ಗುರುತು ಹಾಕಿದರು, ಆಮೇಲೆ ಯಾರೂ ಹೊಸ ಅಡಿಕೆ ಸಸಿ ನೆಡಲಿಲ್ಲ, ಆಮೇಲೆ ಈ ಊರಿಗೆ ಹೆಣ್ಣು ಕೊಡುವುದನ್ನು ಪಕ್ಕದ ಊರಿನವರು ನಿಲ್ಲಿಸಿದರು. ಕೊನೆಯದು ಹೊಳೆದದ್ದು ಅವನಿಗೇ. ಪುಸ್ತಕ ನೋಡಿ ಬರೆಯುವ ಮಾಸ್ಟರ್‌ಗೆ ಅಣೆಕಟ್ಟು ಅಂದರೆ ನೀರು, ಕಲ್ಲು, ಕೂಲಿ ನೆನಪಾಗುತ್ತದೆ. ಸಂಬಂಧ ಮುರಿಯುವುದು ನೆನಪಾಗಲು ಆ ಮನೆಯಲ್ಲಿ ಹುಟ್ಟಿರಬೇಕು.

ಇಲ್ಲೊಂದು ಎಚ್ಚರ ಹೇಳಬೇಕು. ಮಲೆನಾಡಿನಲ್ಲಿ ಸೆಟ್ಟಿಂಗ್ ಕಟ್ಟುವವರಿಗೆ ಚೌಡಿ, ಜಟ್ಟಿಗ, ಭೂತ ಎಲ್ಲ ಕೈಗೆಟುಕುವಂತಿವೆ. ಆದರೆ ಅವು ಯಾರದ್ದೋ ತೋಟದ ಮೂಲೆಯಲ್ಲಿ ವರ್ಷವರ್ಷ ಪೂಜೆ ಪಡೆಯುತ್ತಿರುವ ದೈವಗಳು. ಡೈಸ್ ಹಾಕಿ ಹೊಡೆದುರುಳಿಸುವ ಎದುರಾಳಿಯಾಗಿ ಅವನ್ನು ತಂದರೆ ಟೇಬಲ್‌ನಲ್ಲಿ ಒಬ್ಬರಿಗಾದರೂ ನೋಯುತ್ತದೆ. ನಾವು ಬೇರೆ ಹೆಸರು, ಬೇರೆ ನಡೆ ಇರುವ ದೈವಗಳನ್ನು ಮಾಡಿಕೊಂಡಿದ್ದೇವೆ, ಮತ್ತು ಯಾವ ಪಾತ್ರವೂ ದೈವದ ಜೊತೆ ಹೊಡೆದಾಡುವುದಿಲ್ಲ, ಹರಕೆ ಹೊರುತ್ತದೆ ಅಷ್ಟೇ. ಹರಕೆ ತೀರಿಸದೆ ಬಿಟ್ಟರೆ ಅದಕ್ಕೂ ಒಂದು ಗಡಿಯಾರ.

ಕಲ್ಲಿನ ಮೇಲಿನ ಮೂರು ಪಟ್ಟಿ

ನೆನಪಿನ ವಿಷಯ. ಪ್ರತಿ ಸೆಷನ್ ಮುಗಿದ ಮೇಲೆ ಏನಾದರೂ ಬರೆದಿಡಬೇಕು, ಮತ್ತು ಅದನ್ನು ಬರೆಯುವವನು ಮಾಸ್ಟರ್ ಆಗಿರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಸ್ಟರ್ ಬರೆದರೆ ಅವನ ತಲೆಯಲ್ಲಿ ಇದ್ದು ಬಾಯಿಗೆ ಬಾರದ ಸಂಗತಿಗಳೂ ನುಸುಳುತ್ತವೆ. ಆಟಗಾರ ಬರೆದರೆ ಅವನು ಕೇಳಿಸಿಕೊಂಡದ್ದು ಮಾತ್ರ ಉಳಿಯುತ್ತದೆ. ನಮ್ಮಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ, ಸರದಿಯ ಮೇಲೆ ಒಬ್ಬೊಬ್ಬರು ಬರೆಯುತ್ತಾರೆ: ಇವತ್ತು ಕೇಳಿದ ಹೊಸ ಹೆಸರು, ಯಾರು ಯಾರಿಗೆ ಮಾತು ಕೊಟ್ಟರು, ಯಾವುದು ಮುರಿಯಿತು. ಯುದ್ಧದ ವಿವರ ಯಾರಿಗೂ ಬೇಡ. ಕೊಟ್ಟ ಮಾತಿನ ಸಾಲುಗಳೇ ಮುಂದೆ ಕೆಲಸಕ್ಕೆ ಬರುವುದು.

ಈ ನೆನಪು ಪುರಾಣವಾಗುವುದನ್ನು ಒಂದು ಸಲ ಹತ್ತಿರದಿಂದ ನೋಡಿದೆ. ಮೆಡಿಕಲ್ ಶಾಪಿನ ಗೆಳೆಯನ ಪಾತ್ರ ಒಂದು ಸಂಕದ, ಅಂದರೆ ಕಾಲುಸೇತುವೆಯ, ಮೇಲೆ ನಿಂತು ಬೆನ್ನಟ್ಟಿ ಬಂದವರನ್ನು ತಡೆದು ಸತ್ತಿತು. ಅಡಿಕೆ ದಬ್ಬೆಯ ಸಂಕ, ಕೆಳಗೆ ಆಗಸ್ಟ್ ತಿಂಗಳ ಹೊಳೆ, ಡೈಸಿನಲ್ಲಿ ಮೂರು. ಸೆಷನ್ ಮುಗಿದ ಮೇಲೆ ಅವನು ಒಂದು ಹಾಳೆ ತೆಗೆದುಕೊಂಡು ವೀರಗಲ್ಲು ಬರೆದ. ನಮ್ಮ ಕಡೆ ಮರದ ಬುಡದಲ್ಲಿ, ಗದ್ದೆಯ ಅಂಚಿನಲ್ಲಿ ನಿಂತಿರುವ ಕಲ್ಲುಗಳಲ್ಲಿ ಇರುವ ಹಾಗೆಯೇ ಮೂರು ಪಟ್ಟಿ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೈ ಮುಗಿದು ಕೂತಿರುವುದು. ಕಾಳಗದ ಪಟ್ಟಿಯಲ್ಲಿ ಸಂಕ ಬರೆಯಲು ಜಾಗ ಸಾಲಲಿಲ್ಲ, ಎರಡು ಗೀಟು ಎಳೆದು ಬಿಟ್ಟ.

ಒಂದು ವರ್ಷದ ಮೇಲೆ ಹೊಸ ಹುಡುಗನೊಬ್ಬ ಗುಂಪಿಗೆ ಸೇರಿದ. ಅವನ ಪಾತ್ರ ಆ ಕಲ್ಲಿನ ಮುಂದೆ ಹಾದುಹೋಗುವಾಗ ಇದು ಯಾರದ್ದು ಅಂತ ಕೇಳಿತು. ಒಬ್ಬ ಹೇಳಿದ, ಇವನು ಇಪ್ಪತ್ತು ಜನರನ್ನು ತಡೆದ. ಇನ್ನೊಬ್ಬಳು ಹೇಳಿದಳು, ಇಪ್ಪತ್ತೆಲ್ಲಿ, ಆರು ಜನ ಇದ್ದರು, ಅದರಲ್ಲಿ ಇಬ್ಬರು ಕಾಲು ಜಾರಿ ತಾವೇ ಬಿದ್ದರು. ಕಲ್ಲಿನಲ್ಲಿ ಎರಡು ಗೀಟು ಇರುವುದನ್ನು ನೋಡಿ ಹುಡುಗ, ಇದು ಏಣಿ ಅಲ್ಲವಾ, ಇವನು ಕೋಟೆ ಹತ್ತಿದವನು ಅಂದ. ಯಾರೂ ತಿದ್ದಲಿಲ್ಲ. ಈಗ ಮಳೆಕೊಪ್ಪದಲ್ಲಿ ಆ ಕಲ್ಲಿಗೆ ಏಣಿವೀರ ಅಂತಲೇ ಹೆಸರು, ಕೋಟೆ ಹತ್ತುವವರು ಅದಕ್ಕೆ ಎಣ್ಣೆ ಹಚ್ಚಿ ಹೋಗುತ್ತಾರೆ. ಸತ್ತ ಪಾತ್ರದ ಒಡೆಯನೇ ಅತಿ ಹೆಚ್ಚು ನಕ್ಕ.

ಎಲ್ಲ ಹೊಸಬರಿಗೂ ಹೀಗೆ ದಾರಿ ಸಿಗುವುದಿಲ್ಲ. ಬಹಳ ದಿನ ಆಡಿದ ಸೀಮೆಗೆ ಒಂದು ಕಾಯಿಲೆ ಹತ್ತಿಕೊಳ್ಳುತ್ತದೆ: ಗಟ್ಟಿಯಾಗುವುದು. ಪ್ರತಿ ಪ್ರಶ್ನೆಗೂ ಉತ್ತರ ಆಗಲೇ ಪುಸ್ತಕದಲ್ಲಿದೆ, ಪ್ರತಿ ಊರಿನ ಹೆಸರಿಗೂ ಹಳಬರ ನಗು ಅಂಟಿಕೊಂಡಿದೆ, ಹೊಸಬ ಮದುವೆಮನೆಯಲ್ಲಿ ಯಾರ ಕಡೆಯವನೂ ಅಲ್ಲದವನ ಹಾಗೆ ಕೂತಿರುತ್ತಾನೆ. ಜೊತೆಗೆ ಹಳೆಯ ಪಾತ್ರಗಳು ಬಲಿತು ಬಲಿತು ಮಳೆಕೊಪ್ಪದ ಸಮಸ್ಯೆಗಳು ಅವರಿಗೆ ಲೆಕ್ಕಕ್ಕೇ ಇರುವುದಿಲ್ಲ. ಇದಕ್ಕೆ ಮದ್ದು ಕಾಲ ಜಿಗಿಸುವುದು. ಅರವತ್ತು ವರ್ಷ ಮುಂದೆ ಹೋಗಿ ಅದೇ ನೆಲದಲ್ಲಿ ಹೊಸ ಪಾತ್ರಗಳಿಂದ ಶುರು ಮಾಡಿ. ಹಳಬರು ಒಬ್ಬೊಬ್ಬರು ಒಂದು ಸಂಗತಿ ಉಳಿಯಿತು ಅಂತ ಹೇಳಲಿ, ಒಂದು ಸಂಗತಿಯನ್ನು ಜನ ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ ಅಂತ ಹೇಳಲಿ. ಉಳಿದದ್ದಕ್ಕೆಲ್ಲ ಹೊಸಬನನ್ನೇ ಕೇಳಿ. ಹಳಬರ ಪುಸ್ತಕದ ಮುಕ್ಕಾಲು ಭಾಗ ಆ ಒಂದು ಸಂಜೆಯಲ್ಲಿ ಬಿದ್ದುಹೋಗುತ್ತದೆ, ಬೀಳಲಿ.

ನಮ್ಮ ಸೀಮೆಯಲ್ಲಿ ಆ ಜಿಗಿತ ಈಗಷ್ಟೇ ಆಗಿದೆ. ಕಟ್ಟೆಯ ಗಡಿಯಾರ ತುಂಬಿ ಮಳೆಕೊಪ್ಪ ಮುಳುಗಿದೆ, ನಕ್ಷೆಯಲ್ಲಿ ಅದರ ಮೇಲೆ ನೀಲಿ ಪೆನ್ಸಿಲ್ ತಿಕ್ಕಿದ್ದೇವೆ. ದೇವರನ್ನು ಗುಡ್ಡದ ಮೇಲೆ ಒಯ್ದರೋ, ಅಲ್ಲೇ ಬಿಟ್ಟರೋ ಅನ್ನುವುದರ ಬಗ್ಗೆ ಎರಡು ಪಂಗಡ ಆಗಿದೆ, ಹೊಸ ಕ್ಯಾಂಪೇನ್, ಅಂದರೆ ಹಲವು ಸೆಷನ್ ನಡೆಯುವ ಹೊಸ ಕಥೆ, ಶುರುವಾಗುವುದು ಆ ಜಗಳದಿಂದ.

ಹೊಸದಾಗಿ ಆಡಬೇಕು ಅನ್ನುವವರಿಗೆ ಹೆಚ್ಚೇನೂ ಬೇಡ. ಲೂಡೊ ಡಬ್ಬಿಯಿಂದ ಎರಡು ಡೈಸ್, ಒಂದು ನೋಟ್‌ಬುಕ್, ಮಾತಾಡಲು ನಾಚದ ಮೂರು ನಾಲ್ಕು ಜನ. ಒಂದು ಊರು, ಅದಕ್ಕೊಂದು ಕೊರತೆ, ಊರಿಂದ ಹೊರಗೆ ಹೋಗುವ ಒಂದು ದಾರಿ, ಆ ದಾರಿಗೊಂದು ಅಡ್ಡಿ. ಒಂದು ಪುಟ ಮೀರಿ ಬರೆಯಬೇಡಿ. ಗುಂಪಿನಲ್ಲಿ ಅಡಿಕೆ ಮನೆಯವರು ಇದ್ದರೆ ಮಳೆಗಾಲಕ್ಕೆ ಮೊದಲೇ ಶುರು ಮಾಡಿ, ಅಡಿಕೆ ಗೊನೆಯ ಕೊಯ್ಲು ಹತ್ತಿರ ಬಂದಾಗ ಅವರು ಫೋನ್ ಕೂಡ ಎತ್ತುವುದಿಲ್ಲ.